ಲೋಕಮ್ಮನ ಕೆರೆಗಳಿಗೆ ಎರಡನೆಯ ಕೋಡಿ

ಶಿಕಾರಿಪುರದ ಮಾರುಕಟ್ಟೆ ಅಂಗಳದ ಹಿಂದಿನ ಓಣಿ ಇನ್ನೂ ನಿದ್ದೆಯಲ್ಲಿದೆ. ಜೂನ್ ತಿಂಗಳು, ಮೋಡ ಇದೆ, ಮಳೆ ಇಲ್ಲ. ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕಿಟಕಿ ಬೆಳಗುತ್ತಿದೆ. ಅದು ದೀಪದ ಬೆಳಕಲ್ಲ. ತಿಳಿ ಹಸಿರು ಬೆಳಕು, ಪಾಚಿ ನೀರಿನ ಮೇಲೆ ಎಳೆಬಿಸಿಲು ಬಿದ್ದಂತೆ.

ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದಿರುವ ಲೋಕಮ್ಮ ಮೊದಲು ಕಾಲು ಒರೆಸಿಕೊಳ್ಳುತ್ತಾರೆ. ಹಳೆಯ ಸೀರೆಯ ಸೆರಗಿನಿಂದ ಹೊಲಿದ ಹೊದಿಕೆಯನ್ನು ಕಂಪ್ಯೂಟರಿನ ಮೇಲಿಂದ ತೆಗೆದು ನಾಲ್ಕಾಗಿ ಮಡಚುತ್ತಾರೆ. ಕೀಲಿಮಣೆಯನ್ನು ತಲೆಕೆಳಗು ಮಾಡಿ ಮೆಲ್ಲಗೆ ತಟ್ಟುತ್ತಾರೆ. ಎರಡು ಕಟ್ಟಿರುವೆ ಬೀಳುತ್ತವೆ. ಆಮೇಲೆ ಒಂದು ತಗಡಿನ ಡಬ್ಬಿ ತೆರೆಯುತ್ತಾರೆ. ಅದರ ತಳದಲ್ಲಿ ತೇವ ಹೀರಲೆಂದು ಹುರಿದ ಅಕ್ಕಿ, ಅಕ್ಕಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಫ್ಲಾಪಿಗಳು. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಾರೆ. ಬೂಷ್ಟು ಹಿಡಿಯಲಾರಂಭಿಸಿದರೆ ಮೊದಲು ಗೊತ್ತಾಗುವುದು ಮೂಗಿಗಂತೆ.

ಇಷ್ಟು ಬೆಳಿಗ್ಗೆ ಯಾಕೆ ಎಂದರೆ ಕಿಟಕಿಯಾಚೆ ಕೈ ತೋರಿಸುತ್ತಾರೆ. ಓಣಿಯ ತುದಿಯಲ್ಲಿ ಅಕ್ಕಿ ಗಿರಣಿಯ ತಗಡಿನ ಚಾವಣಿ ಕಾಣುತ್ತದೆ. ಅಲ್ಲಿ ಯಂತ್ರ ನಡೆಸುವುದು ಅವರ ಗಂಡ ಉಚ್ಚಂಗಪ್ಪ.

"ಎಂಟಕ್ಕೆ ನಮ್ಮ ಮನೆಯವರು ಮಿಲ್ ಶುರು ಮಾಡ್ತಾರ್ರೀ. ಅಲ್ಲಿ ಮಿಲ್ ತಿರುಗಿದ್ರೆ ಕರೆಂಟು ಇಳಿದು ಇಲ್ಲಿ ನನ್ನ ಪರದೆ ಕುಗ್ಗತೈತಿ. ಮನೇಲೂ ಹಂಗೇ ಬಿಡ್ರಿ, ಅವರು ಜೋರಾದ್ರೆ ನಾ ಸಣ್ಣಾಗ್ತೀನಿ" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಎಲ್ಲವೂ ಇಂಗ್ಲಿಷ್ ಅಕ್ಷರ, ಎಲ್ಲವೂ ಕನ್ನಡ ಹೆಸರು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕೆರೆಗಳು. ದೊಡ್ಡವು, ಚಿಕ್ಕವು, ಹೂಳು ತುಂಬಿ ಬಯಲಾದವು, ತಾವರೆ ಮುಚ್ಚಿದವು, ಎಮ್ಮೆ ಮೀಯಲಷ್ಟೇ ಸಾಲುವವು. ನಾನೂರಕ್ಕೂ ಮಿಕ್ಕಿ ಕೆರೆಗಳು ಈ ಸಣ್ಣ ಕೋಣೆಯಲ್ಲಿ, ಒಬ್ಬ ಹೆಂಗಸಿನ ಬೆರಳ ತುದಿಯಲ್ಲಿ ಇವೆ. ಕೆರೆ ಬಳಕೆದಾರರ ಒಕ್ಕೂಟ ಎಂಬ ರೈತರ ಸಂಘವೊಂದು ಮೂರು ವರ್ಷದ ಹಿಂದೆ, ತೊಂಬತ್ತನಾಲ್ಕರಲ್ಲಿ, ಇವರಿಗೆ ಈ ಕೆಲಸ ಒಪ್ಪಿಸಿದೆ.

ಅದಕ್ಕೂ ಮೊದಲು ಲೋಕಮ್ಮ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದಡಿ ಟೈಪು ಮಾಡುತ್ತಿದ್ದರು. ಮೊಣಕಾಲಿಗೆ ತಾಗುವಷ್ಟು ತಗ್ಗಿನ ಮೇಜು, ಅದರ ಮೇಲೊಂದು ಕನ್ನಡ ಟೈಪ್‌ರೈಟರು. ಅರ್ಜಿಗೆ ಬಂದವರು ಮಾತು ಹೇಳುತ್ತಾ ಹೋದಂತೆ ಬೆರಳು ಓಡುತ್ತಿತ್ತು. ಮಗು ಹುಟ್ಟಿದ ಮೂರನೆಯ ತಿಂಗಳಿಗೇ ಮರದಡಿಗೆ ಮರಳಿದವರು; ಜೋಲಿ ಅದೇ ಬೇವಿನ ಕೊಂಬೆಗೆ. ಬೇಸಿಗೆಯ ಗಾಳಿಗೆ ಕಾಗದ ಹಾರಿದರೆ ಓಡಿ ಹಿಡಿಯುವುದೇ ಒಂದು ಕೆಲಸ. ಅತ್ತೆಯ ಸೊಂಟ ಬಿದ್ದ ಮೇಲೆ ಅವರನ್ನು ಮೀಯಿಸಿ, ಗಂಜಿ ಕುಡಿಸಿ, ಆಮೇಲೆ ಬರಬೇಕಿತ್ತು. ಈಗಲೂ ಅದು ತಪ್ಪಿಲ್ಲ. ನಾಲ್ಕಕ್ಕೇ ಎದ್ದು ಒಲೆ ಹಚ್ಚುತ್ತಾರೆ.

ಕಂಪ್ಯೂಟರು ಕಲಿಸಿದ್ದು ಸೊರಬದ ಕಡೆಯ ನಿರಂಜನ ಎಂಬ ತರುಣ. ಶಿವಮೊಗ್ಗದಲ್ಲಿ ತರಬೇತಿ ಕೇಂದ್ರ ಇಟ್ಟಿದ್ದಾರೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾ ಲೋಕಮ್ಮ ರಿಲೇಶನಲ್ ಡೇಟಾಬೇಸ್ ಎಂಬ ವಿದ್ಯೆ ಕಲಿತರು. ಅದನ್ನು ಅವರು ವಿವರಿಸುವ ಬಗೆ ಬಹಳ ಸರಳ. ಕೆರೆಗಳದ್ದು ಒಂದು ಫೈಲು, ಊರುಗಳದ್ದು ಒಂದು, ನೀರು ಬಿಡುವ ತೂಬುಗಳದ್ದು ಒಂದು, ತೂಬು ಕಾಯುವ ನೀರುಗಂಟಿಗಳದ್ದು ಇನ್ನೊಂದು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಮತ್ತೆ ಬರೆಯುವುದಿಲ್ಲ. ಕೆರೆಯ ಸಂಖ್ಯೆಯನ್ನಷ್ಟೇ ಹಾಕಿ ಕೊಂಡಿ ಸಿಕ್ಕಿಸುವುದು. ಹೆಸರು ಹಾಕಿದರೆ ಆಗುವುದಿಲ್ಲ. ಊರಿಗೊಂದು ಹಿರೇಕೆರೆ ಇರುವ ಸೀಮೆ ಇದು.

ಯಾವ ಫೈಲಿನಲ್ಲಿ ಯಾವ ಯಾವ ಮನೆ, ಅಂದರೆ ಕಾಲಂ, ಇರಬೇಕು, ಯಾವುದಕ್ಕೆ ಯಾವುದು ಸೇರಬೇಕು ಎಂಬ ಒಟ್ಟು ಕಟ್ಟಣೆಗೆ ಸ್ಕೀಮಾ ಎನ್ನುತ್ತಾರೆ. ಲೋಕಮ್ಮನ ಬಾಯಲ್ಲಿ ಅದು ಹಂದರ.

"ಹಂದರ ಮೊದಲು, ಬಳ್ಳಿ ಆಮೇಲೆ. ಬಳ್ಳಿ ಹಬ್ಬಿದ ಮೇಲೆ ಗೂಟ ಕೀಳೋದು ಭಾಳ ಕಷ್ಟ ನೋಡ್ರಿ."

ಕೆರೆ ದಿನಕ್ಕೊಂದು ಥರ ಇರುತ್ತದೆ. ಅದಕ್ಕೇ ಯುಗಾದಿಗೊಮ್ಮೆ, ಕಾರಹುಣ್ಣಿಮೆಯ ನಂತರ ಒಮ್ಮೆ, ದೀಪಾವಳಿಗೊಮ್ಮೆ ಎಲ್ಲ ಫೈಲುಗಳೂ ಆ ಗಳಿಗೆಯಲ್ಲಿ ಹೇಗಿವೆಯೋ ಹಾಗೇ ಪೂರ್ತಿ ನಕಲು ತೆಗೆಯುತ್ತಾರೆ. ಇದಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಇಲ್ಲಿ ಎಲ್ಲರೂ ಪಟ ಎನ್ನುತ್ತಾರೆ. ಒಂದು ಪಟ ಕೆರೆ ಕೆಲಸಕ್ಕೆ ಹಣ ಕೊಡುವ ಶಿವಮೊಗ್ಗದ ಕಚೇರಿಗೆ, ಒಂದು ಅಕ್ಕಿಯ ಡಬ್ಬಿಗೆ, ಒಂದು ಲೋಕಮ್ಮನ ಮನೆಗೆ. ಮನೆಯದು ಅತ್ತೆಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯೊಳಗೆ ನುಸಿಗುಳಿಗೆಯ ಜೊತೆ ಮಲಗಿರುತ್ತದೆ.

ಪಟ ತೆಗೆಯುವ ಮುನ್ನ ಒಂದು ಓದು ನಡೆಯುತ್ತದೆ. ಇದನ್ನು ಯಾವ ತರಬೇತಿ ಕೇಂದ್ರವೂ ಕಲಿಸಿದ್ದಲ್ಲ. ಊರೂರಿನ ನೀರುಗಂಟಿಗಳು ಬಂದು ನೆಲದ ಮೇಲೆ ಗೋಣಿಚೀಲ ಹಾಸಿ ಕೂರುತ್ತಾರೆ. ಹೆಚ್ಚಿನವರಿಗೆ ಓದು ಬಾರದು. ಬಂದರೂ ಪರದೆಯ ಅಕ್ಷರ ಇಂಗ್ಲಿಷಿನದು. ಲೋಕಮ್ಮ ಮೇಲಿನ ಕೆರೆಯಿಂದ ಶುರು ಮಾಡಿ ಕನ್ನಡದಲ್ಲಿ ಓದುತ್ತಾ ಹೋಗುತ್ತಾರೆ: ಇದು ತುಂಬಿದರೆ ಕೋಡಿ ಬಿದ್ದು ಅದಕ್ಕೆ, ಅದು ತುಂಬಿದರೆ ಇನ್ನೊಂದಕ್ಕೆ. ಕೋಡಿ ಎಂದರೆ ಏರಿಯ ಪಕ್ಕದಲ್ಲಿ ಹೆಚ್ಚಾದ ನೀರು ಹೊರಬೀಳುವ ಜಾಗ. ಕೇಳುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ. ತಪ್ಪಾದರೆ ಬಾಯಿ ತೆರೆಯುವುದಿಲ್ಲ, ಬೆರಳ ಗೆಣ್ಣಿನಿಂದ ನೆಲ ತಟ್ಟುತ್ತಾರೆ.

ಈ ಸಲದ ಓದು ನಡೆದದ್ದು ಒಂದು ಮಂಗಳವಾರ. ಮೂಲೆಯಲ್ಲಿ ಕೂತು ಕೇಳುತ್ತಿದ್ದರೆ ಸ್ವಲ್ಪ ಹೊತ್ತಿಗೆ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ಹೆಸರಿಂದ ಹೆಸರಿಗೆ ನೀರು ಇಳಿಯುತ್ತಿತ್ತು. ಗದ್ದೆಯ ಬದು, ಹೊಂಗೆಯ ನೆರಳು, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಆ ಮುಚ್ಚಿದ ಕಣ್ಣುಗಳ ಹಿಂದೆ ಹಾದು ಹೋಗುತ್ತಿದ್ದವು. ಒಬ್ಬರ ಪಾದ ತಾನಾಗಿ ಹಿಂದೆ ಸರಿಯಿತು, ನೀರು ತಾಗಿದವರ ಹಾಗೆ.

ಓದು ಮುಗಿಯಿತು. ಕೊನೆಯಲ್ಲಿ ಲೋಕಮ್ಮ, ಮೇಲಿಂದ ನೀರು ಬಾರದ ಕೆರೆಗಳು ಎಂದು ಕೆಲವು ಹೆಸರು ಓದಿದರು. ಅವುಗಳಲ್ಲಿ ಮಾವಿನಹಕ್ಕಲಿನ ಬೆಳ್ಳಕ್ಕಿಕಟ್ಟೆಯೂ ಒಂದು. ಹೂಳು ತೆಗೆಸಿ ಏರಿ ಗಟ್ಟಿ ಮಾಡುವ ಕೆಲಸ ಈ ಸುತ್ತಿನಲ್ಲಿ ಮೇಲಿಂದ ನೀರು ಬರುವ ಕೆರೆಗಳಿಗೆ ಮಾತ್ರ ಎಂದು ತೀರ್ಮಾನವಾಗಿತ್ತು. ಮುಂದಿನ ಸುತ್ತು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಬಾಗಿಲ ಬಳಿಯಿಂದ ಟಕ್ ಟಕ್ ಎಂದು ನೆಲ ತಟ್ಟಿದ ಸದ್ದು ಬಂತು. ತಟ್ಟಿದ್ದು ಗುತ್ಯಮ್ಮ. ಜಡೆ ಎಂಬ ಊರಿನಿಂದ ಆಚೆ, ಬಸ್ಸು ಇಳಿದು ನಡೆಯಬೇಕಾದ ಮಾವಿನಹಕ್ಕಲಿನವರು. ಗಂಡನ ಕಣ್ಣು ಮಂಜಾದ ಮೇಲೆ ಊರ ಕಟ್ಟೆಯ ತೂಬು ತೆಗೆದು ಮುಚ್ಚುವುದು ಇವರೇ. ಆ ಕಟ್ಟೆಯ ಏರಿಯಲ್ಲಿ ಎರಡು ಕಡೆ ಜೊಂಡು ಎದ್ದು ನೀರು ಜಿನುಗುತ್ತಿದೆ. ಇನ್ನೊಂದು ದೊಡ್ಡ ಮಳೆಗೆ ನಿಲ್ಲಲಾರದು.

"ನಮ್ಮ ಕಟ್ಟೆಗೆ ಹಿರೇಕೆರೆ ನೀರು ಬರ್ತದೆ ತಂಗಿ" ಎಂದರು.

ಲೋಕಮ್ಮ ಪರದೆ ನೋಡಿದರು. ಅವರೂರಿನ ಮೇಲಿನ ಹಿರೇಕೆರೆಯ ಸಾಲಿನಲ್ಲಿ, "ಮುಂದಿನ ಕೆರೆ" ಎಂಬ ಮನೆಯಲ್ಲಿ ಬೇರೊಂದು ಕೆರೆಯ ಸಂಖ್ಯೆ ಇತ್ತು. ಅಂಜನಾಪುರದ ಕಡೆಯಿಂದ ಬಂದಿದ್ದ ನೀರುಗಂಟಿ ಉಜ್ಜಪ್ಪ ಕಣ್ಣು ತೆರೆಯದೆಯೇ ಕಾಲೆಳೆದರು.

"ಒಂದು ಆಕಳಿಗೆ ಎರಡು ಬಾಲ ಇರ್ತಾವೇನಬೇ ಅಜ್ಜಿ?"

"ಬಾಲ ಒಂದೇ ಕಣೋ. ಕೊಂಬು ಎರಡಿರ್ತಾವೆ. ಮುಂದಿಂದ ನೋಡಿದ್ರೆ ಗೊತ್ತಾಗ್ತದೆ."

ಎಲ್ಲರೂ ನಕ್ಕರು, ಉಜ್ಜಪ್ಪನವರೂ ನಕ್ಕರು. ಗುತ್ಯಮ್ಮ ಮಾತ್ರ ನಗದೆ ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನಲ್ಲಿ ಎರಡು ಹಸಿರು ಗಾಜಿನ ಬಳೆ, ಕೆಲಸಕ್ಕೆ ಉಜ್ಜಿ ಉಜ್ಜಿ ಮಾಸಿದವು.

"ಹಿರೇಕೆರೆಗೆ ಬಡಗಣ ಕೋಡಿ ಒಂದದೆ. ಎತ್ತರದ್ದು. ವರ್ಷಾವರ್ಷ ಬೀಳಾದಲ್ಲ, ತುಂಬಿ ತುಳುಕಿದ ವರ್ಷ ಮಾತ್ರ. ಆಗ ಮೇಲಿನೂರ ಹೆಂಗಸರು ಬಿಟ್ಟ ಬಾಗಿನದ ಮೊರ ಆ ಕೋಡಿ ಇಳಿದು ನಮ್ಮ ಕಟ್ಟೆಗೆ ಬರ್ತದೆ. ಈ ಬಳೆ ಆ ಮೊರದ್ದು."

ಕೆರೆ ತುಂಬಿದಾಗ ಬಳೆ, ಅರಿಶಿನ, ಕುಂಕುಮ ಇಟ್ಟ ಮೊರವನ್ನು ಗಂಗೆಗೆ ಅರ್ಪಿಸುವುದು ಎಲ್ಲೆಡೆ ಇದ್ದದ್ದೇ. ಆದರೆ ಮಾವಿನಹಕ್ಕಲಿನಲ್ಲಿ ಅದಕ್ಕೆ ಮುಂದುವರಿಕೆ ಇದೆ. ತೇಲಿ ಬಂದ ಮೊರವನ್ನು ಮೊದಲು ಕಂಡ ಹೆಂಗಸು ಸೊಂಟಮಟ್ಟದ ನೀರಿಗೆ ಇಳಿದು ತರುತ್ತಾಳೆ, ಬಳೆ ತೊಟ್ಟುಕೊಳ್ಳುತ್ತಾಳೆ. ಸುಗ್ಗಿಯಾದ ಮೇಲೆ ಅದೇ ಮೊರದಲ್ಲಿ ತನ್ನ ಗದ್ದೆಯ ಹೊಸ ಭತ್ತ ತುಂಬಿಕೊಂಡು ಮೇಲಿನೂರಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ತಲೆಗೆ ಎಣ್ಣೆ ಹಚ್ಚಿ, ಊಟ ಹಾಕಿ, ಮಗಳನ್ನು ಕಳಿಸಿದಂತೆ ಕಳಿಸುತ್ತಾರೆ. ಗುತ್ಯಮ್ಮನ ತವರು ಎಂದೋ ಮುಗಿದಿದೆ. ಕೊನೆಯ ಸಲ ಅವರ ತಲೆಗೆ ಬೇರೊಬ್ಬರು ಎಣ್ಣೆ ಹಚ್ಚಿದ್ದು ಆ ಮೇಲಿನೂರಿನಲ್ಲಿ.

ಲೋಕಮ್ಮ ಬಹಳ ಹೊತ್ತು ಆ ಬಳೆಗಳನ್ನೇ ನೋಡಿದರು. ತಪ್ಪು ಎಲ್ಲಿಯದೆಂದು ಅವರಿಗೆ ಹೊಳೆದಿತ್ತು. ಹಂದರ ಕಟ್ಟುವಾಗ ಒಂದು ಕೆರೆಗೆ ಮುಂದಿನ ಕೆರೆ ಒಂದೇ ಎಂದು ಒಂದೇ ಮನೆ ಇಟ್ಟವರು ಅವರೇ. ಸಮೀಕ್ಷೆ ನಡೆದದ್ದು ಮಳೆ ಕಡಿಮೆಯಾದ ವರ್ಷ. ಬಡಗಣ ಕೋಡಿಯ ಮೇಲೆ ಆಗ ಹುಲ್ಲು ಬೆಳೆದು ದನ ಮೇಯುತ್ತಿದ್ದವು. ನೋಡಿ ಬಂದವರಿಗೆ ಅದು ಕೋಡಿಯೆಂದು ಅನಿಸಲಿಲ್ಲ. ಒಂದು ದಿನದ ಪಟವನ್ನೇ ಕೆರೆಯ ಬದುಕು ಎಂದುಕೊಂಡಿದ್ದಾಯಿತು.

ಒಕ್ಕೂಟದ ಕಾರ್ಯದರ್ಶಿ ಪಂಚಾಕ್ಷರಪ್ಪ ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಶನಿವಾರ ಪಟ ಶಿವಮೊಗ್ಗಕ್ಕೆ ಹೋಗಲೇಬೇಕು, ಕೆಲಸದ ಊರುಗಳನ್ನು ಅದರಿಂದಲೇ ಆರಿಸುತ್ತಾರೆ ಎಂದು ನೆನಪಿಸಿದರು. ಈಗ ಹಂದರ ಕೆದಕಿದರೆ ಎಲ್ಲ ಊರುಗಳದ್ದೂ ಕೆಟ್ಟೀತು ಎಂಬುದು ಅವರ ಭಯ. ಅದು ಸುಳ್ಳು ಭಯವೂ ಅಲ್ಲ.

"ಷರಾ ಮನೇಲಿ ಒಂದು ಸಾಲು ಹಾಕಿಬಿಡಮ್ಮ, ಹಿಂಗೊಂದು ಕೋಡಿ ಐತಿ ಅಂತ."

"ಷರಾದ ಮೇಲೆ ನೀರು ಹರಿಯಂಗಿಲ್ರೀ ಸಾಹುಕಾರ್ರೆ. ಅಲ್ಲಿ ಕೂತೋರು ಮೇಲಿನ ಕೆರೆ ಇಲ್ಲದ್ದು ತೆಗಿ ಅಂದ್ರೆ ಇದು ತೆಗದು ಹಾಕತೈತಿ. ಷರಾ ಓದಾಕ ಯಾರೂ ಕುಂದ್ರಂಗಿಲ್ಲ."

ಪಂಚಾಕ್ಷರಪ್ಪ ಗುತ್ಯಮ್ಮನನ್ನು ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. "ಶನಿವಾರ" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಮರುದಿನ ಬೆಳಗಿನ ಜಾವ ಲೋಕಮ್ಮ ಗೂಟ ಕಿತ್ತರು. ಕೆರೆಯ ಫೈಲಿನಲ್ಲಿದ್ದ "ಮುಂದಿನ ಕೆರೆ" ಎಂಬ ಮನೆಯನ್ನೇ ತೆಗೆದು, ಕೋಡಿಗಳಿಗೆಂದೇ ಹೊಸದೊಂದು ಫೈಲು ಕಟ್ಟುವುದು ಅವರ ಯೋಚನೆ. ಪ್ರತಿ ಕೋಡಿಗೂ ಒಂದು ಸಾಲು: ಯಾವ ಕೆರೆಯದು, ಎಲ್ಲಿಗೆ ಬೀಳುತ್ತದೆ, ಯಾವ ವರ್ಷ ಬಿದ್ದದ್ದನ್ನು ಕಂಡವರಿದ್ದಾರೆ. ಆಗ ಒಂದು ಕೆರೆಗೆ ಎರಡಲ್ಲ, ಐದು ಕೋಡಿ ಇದ್ದರೂ ಜಾಗ ಸಾಲುತ್ತದೆ. ಹಳೆಯದರಿಂದ ಹೊಸದಕ್ಕೆ ಸಂಖ್ಯೆಗಳು ಸಾಲುಗಟ್ಟಿ ದಾಟುತ್ತಿದ್ದಾಗ ಕರೆಂಟು ಹೋಯಿತು.

ಹಸಿರು ಬೆಳಕು ಒಂದು ಚುಕ್ಕಿಯಾಗಿ ಒಳಕ್ಕೆ ಸರಿದು ಆರಿತು. ಕರೆಂಟು ಮರಳಿದಾಗ ಕೆರೆಗಳ ಫೈಲು ತೆರೆಯಲಿಲ್ಲ. ಅಕ್ಕಿಯ ಡಬ್ಬಿಯ ಪಟ ಹಾಕಿದರೆ ಯಂತ್ರ ಕರಕರ ಎಂದು ಹಲ್ಲು ಕಡಿಯಿತು. ಬೂಷ್ಟು ಮೂಗಿಗಿಂತ ಮುಂದಾಗಿತ್ತು. ಲೋಕಮ್ಮ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನೂರು ಕೆರೆಗಳು ಒಂದೇ ಸಲ ಬತ್ತಿದ ಹಾಗೆ ಕೋಣೆ ಖಾಲಿಯಾಗಿತ್ತು. ಆ ಹೊತ್ತಿನಲ್ಲಿ ಅವರ ಮುಖ ನೋಡುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ.

ಶಿವಮೊಗ್ಗದ ಪಟ ತರಿಸಲು ದಿನಗಳಿಲ್ಲ; ಉಳಿದದ್ದು ಅತ್ತೆಯ ಟ್ರಂಕಿನ ಪಟ, ಯುಗಾದಿಯದು. ಅವರು ಕಿಟಕಿಯಿಂದ ಬಾಗಿ, ಗಿರಣಿಯ ಬಾಗಿಲು ತೆಗೆಯುತ್ತಿದ್ದ ಗಂಡನನ್ನು ಕರೆದರು. ಉಚ್ಚಂಗಪ್ಪ ಕೂಡಲೇ ಸೈಕಲ್ ಹತ್ತಿದರು. ಹಿಂತಿರುಗಿದಾಗ ಅವರ ಕೈಯಲ್ಲಿದ್ದ ಪಟದ ಪೆಟ್ಟಿಗೆಗೆ ಸುತ್ತಿದ್ದು ಅತ್ತೆಯ ಮದುವೆಯ ಸೀರೆಯೇ. ಬಿಚ್ಚುವುದು ಹೇಗೋ ಎಂದು ಹೆದರಿ ಸೀರೆಸಮೇತ ತಂದಿದ್ದರು. ಫ್ಲಾಪಿ ಓದಿತು. ನುಸಿಗುಳಿಗೆಯ ವಾಸನೆಯ ನಡುವೆ ಪರದೆಯ ಮೇಲೆ ಕೆರೆಗಳು ಒಂದೊಂದಾಗಿ ಮರಳಿ ತುಂಬಿದವು.

ಆ ವಾರ ಓಣಿಯ ಗಿರಣಿ ದಿನಾ ತಡವಾಗಿ ತಿರುಗಿತು. ಬೆಲ್ಟು ಜಾರುತ್ತಿದೆ ಎಂದು ಉಚ್ಚಂಗಪ್ಪ ಮಾಲೀಕರಿಗೆ ಹೇಳಿದರಂತೆ. ಮಾಲೀಕರು ಮಹಡಿಯ ಕಿಟಕಿಯನ್ನೊಮ್ಮೆ ನೋಡಿ, "ನಿನ್ನ ಬೆಲ್ಟು ಅಲ್ಲಿ ಕುಂತೈತೇನೋ" ಎಂದರಂತೆ. ಬೈದರೋ ನಕ್ಕರೋ ಎಂದು ಕೇಳಿದರೆ ಉಚ್ಚಂಗಪ್ಪ, ಎರಡೂ ಮಾಡಿದರು ಎನ್ನುತ್ತಾರೆ.

ಯುಗಾದಿಯ ನಂತರ ಸೇರಿದ್ದ ಊರುಗಳನ್ನು ಸಮೀಕ್ಷೆಯ ಚೀಟಿಗಳಿಂದ ಮತ್ತೆ ಟೈಪು ಮಾಡಬೇಕಾಯಿತು. ಕಣ್ಣು ನೀರೂರಿದಾಗ ಲೋಕಮ್ಮ ಎದ್ದು ಕಿಟಕಿಯ ಹೊರಗೆ ದೂರದ ಮರ ನೋಡುತ್ತಿದ್ದರು, ಮತ್ತೆ ಕೂರುತ್ತಿದ್ದರು. ನಡುವೆ ನೀರುಗಂಟಿಗಳು ಬರತೊಡಗಿದರು. ಗುತ್ಯಮ್ಮನ ಸುದ್ದಿ ಸಂತೆಯ ದಾರಿಯಲ್ಲಿ ಹರಡಿತ್ತು. ನಮ್ಮ ಕೆರೆಗೂ ಒಂದು ಎತ್ತರದ ಕೋಡಿ ಉಂಟು, ಅಪರೂಪಕ್ಕೆ ಬೀಳುತ್ತದೆ ಎಂದು ಒಬ್ಬೊಬ್ಬರೇ ಮೆಟ್ಟಿಲ ಬಳಿ ನಿಂತು ಹೇಳಿ ಹೋದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಬೀಳದ ಕೋಡಿಯನ್ನು ಏನೆಂದು ಹೇಳುವುದು ಎಂಬ ಉತ್ತರ. ಅದೂ ನಿಜ. ಬಾರದ ನೀರಿನ ಬಗ್ಗೆ ಮಾತಾಡುವುದು ಇಲ್ಲಿ ಸಲ್ಲದು.

ಶುಕ್ರವಾರ ಬಂದವರಲ್ಲಿ ಉಜ್ಜಪ್ಪನವರೂ ಒಬ್ಬರು. ಅವರದೂ ಅದೇ ಸಂಗತಿ. ತಲೆ ಕೆರೆದುಕೊಂಡು, "ನಮ್ಮ ಆಕಳಿಗೂ ಇನ್ನೊಂದು ಕೊಂಬು ಐತಬೇ" ಎಂದರು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಎರಡನೆಯ ಓದು ನಡೆಯಿತು. ಗುತ್ಯಮ್ಮ ಊರಿಗೆ ಹೋಗದೆ ನೆಂಟರ ಮನೆಯಲ್ಲೇ ಉಳಿದಿದ್ದರು. ಬಾಗಿಲ ಬಳಿಯ ಅದೇ ಜಾಗದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಬಂದವರೊಡನೆ ಮಾತಾಡಿ ಮಾತಾಡಿ ಲೋಕಮ್ಮನ ದನಿ ಬಿದ್ದು ಹೋಗಿತ್ತು, ಮೆಲ್ಲಗೆ ಓದಿದರು. ನೀರು ಈ ಸಲ ಕವಲೊಡೆಯುತ್ತಾ ಇಳಿಯಿತು. ಒಂದು ಕಡೆ ಹೋದದ್ದು ಹೋಗುತ್ತಲೇ ಇತ್ತು, ಇನ್ನೊಂದು ಕಡೆಯದು ಎಲ್ಲೋ ಸುತ್ತಿ ಬಂದು ಕೆಳಗೆ ಮತ್ತೆ ಸೇರಿತು.

"ಹಿರೇಕೆರೆ, ಬಡಗಣ ಕೋಡಿ" ಎಂದು ಲೋಕಮ್ಮ ಓದಿದರು. "ಬೆಳ್ಳಕ್ಕಿಕಟ್ಟೆಗೆ."

ಯಾರ ಗೆಣ್ಣೂ ನೆಲ ತಟ್ಟಲಿಲ್ಲ. ಗುತ್ಯಮ್ಮ ಕಣ್ಣು ತೆರೆಯಲಿಲ್ಲ. ಬಲಗೈ ಮಾತ್ರ ಹೋಗಿ ಎಡಗೈಯ ಬಳೆ ಹಿಡಿದುಕೊಂಡಿತು.

ಪಂಚಾಕ್ಷರಪ್ಪನವರೇ ಪಟದ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಸ್ ನಿಲ್ದಾಣಕ್ಕೆ ಒಯ್ದರು. ಶಿವಮೊಗ್ಗದ ಬಸ್ಸಿನ ಕಂಡಕ್ಟರಿಗೆ, ಕಾಲ ಕೆಳಗೆ ಇಡಬೇಡ, ಬಿಸಿಲಿಗೂ ಇಡಬೇಡ ಎಂದು ಎರಡೆರಡು ಸಲ ಹೇಳಿದರು. ಮೊನ್ನೆ ಫೋನಿನಲ್ಲಿ ಸುದ್ದಿ ಬಂದಿದೆ. ಬೆಳ್ಳಕ್ಕಿಕಟ್ಟೆ ಈ ಸುತ್ತಿನಲ್ಲೇ ಇದೆ. ಜೊಂಡು ಎದ್ದ ಜಾಗಕ್ಕೆ ಈಗಲೇ ಜೇಡಿಮಣ್ಣು ಒಟ್ಟಿ ಮಳೆಗಾಲ ದಾಟಿಸುತ್ತಾರೆ. ಹೂಳು ತೆಗೆಯುವುದು ಬೇಸಿಗೆಗೆ. ಮೊದಲ ಗಾಡಿ ಮಣ್ಣು ಬಿದ್ದಾಗಿದೆ.

ಅದನ್ನು ನೋಡಲು ಹೋಗಲಿಲ್ಲವೇ ಎಂದು ಕೇಳಿದಾಗ ಲೋಕಮ್ಮ ಹೊಸ ಅಕ್ಕಿ ಹುರಿಯುತ್ತಿದ್ದರು. ಸೀಮೆಎಣ್ಣೆ ಒಲೆಯ ಮೇಲೆ ಸಣ್ಣ ಬಾಣಲೆ. ಕೋಣೆಯ ತುಂಬ ಹುರಿದಕ್ಕಿಯ ಘಮ. ನಾನೂರು ಕೆರೆಗಳಲ್ಲಿ ತಾವು ಕಣ್ಣಾರೆ ಕಂಡವು ಬೆರಳೆಣಿಕೆಯಷ್ಟು ಎಂದು ಆಗ ಹೇಳಿದರು. ಕೋಡಿ ಬೀಳುವುದನ್ನು ಒಮ್ಮೆಯೂ ಕಂಡಿಲ್ಲ. ಮಳೆಗಾಲದಲ್ಲಿ ಅತ್ತೆಯನ್ನು ಬಿಟ್ಟು ಹೊರಡಲಾಗದು. ಯಂತ್ರವನ್ನು ಬಿಟ್ಟರೆ ಬೂಷ್ಟು.

"ಗುತ್ಯಮ್ಮ ಕರದಾರ್ರೀ. ಬಡಗಣ ಕೋಡಿ ಬಿದ್ದ ದಿನ ಯಾರ ಕೈಲಾದ್ರೂ ಹೇಳಿ ಕಳಿಸ್ತೀನಿ, ಮೊರ ಬರೋದು ನೋಡುವಂತೆ ಬಾ ಅಂದಾರ. ಅವತ್ತೊಂದಿನ ಹೋಗಬೇಕು. ಮನೆಯವರು ಅವ್ವನ್ನ ನಾ ನೋಡ್ಕೊಂತೀನಿ ಅಂದಾರ, ಬೆಲ್ಟು ಜಾರಸ್ತಾರಂತ."

ಅಕ್ಕಿಯನ್ನು ತಟ್ಟೆಗೆ ಸುರಿದು ಆರಲು ಬಿಟ್ಟು ಅವರು ಪರದೆಯ ಮುಂದೆ ಕೂರುತ್ತಾರೆ. ಕೋಡಿಗಳ ಹೊಸ ಫೈಲು ತೆರೆದಿದೆ. ಹಿರೇಕೆರೆ, ಬಡಗಣ, ಬೆಳ್ಳಕ್ಕಿಕಟ್ಟೆ. ಅದರ ಮುಂದೆ ಈ ವರ್ಷದ ಮನೆಯಲ್ಲಿ ಏನೂ ಇಲ್ಲ. ಹಸಿರು ಗೆರೆಯೊಂದು ಅಲ್ಲಿ ನಿಂತು ಮಿಟುಕುತ್ತಿದೆ. ಓಣಿಯ ತುದಿಯಲ್ಲಿ ಗಿರಣಿ ತಿರುಗತೊಡಗಿ ಪರದೆ ಅಂಚಿನಿಂದ ಮೆಲ್ಲಗೆ ಕುಗ್ಗುತ್ತದೆ. ಲೋಕಮ್ಮ ಹೊದಿಕೆಗೆ ಕೈ ಹಾಕುತ್ತಾರೆ.

"ಇದೊಂದು ಮನೆ ಖಾಲಿ ಬಿಟ್ಟೀನಿ. ಕೋಡಿ ಬಿದ್ದದ್ದು ನೋಡಿಬಂದು ನಾನೇ ತುಂಬತೀನಿ. ಇದನ್ನ ಯಾರನ್ನೂ ಕೇಳಿ ತುಂಬಂಗಿಲ್ಲ."